ಹೊಗೆಯಿಲ್ಲದ ಜೀಪು

ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನಗೆ, ಅನುಮಾನಪ್ರಮಾಣದ ಪಾಠವನ್ನು ಜೀಪಿನ ಚಾಲಕನೊಬ್ಬನಿಂದ ಹೇಳಿಸಿಕೊಳ್ಳುವ ಯೋಗವು ಕೆಮ್ಮಣ್ಣುಗುಂಡಿಯಲ್ಲಿ ಒದಗಿತು.

ಹೆಬ್ಬೆ ಜಲಪಾತವನ್ನು ನೋಡಿಕೊಂಡು ಸಂಜೆ ಮರಳುತ್ತಿದ್ದೆವು. ಕಾಫಿತೋಟದ ನಡುವಣ ಕಡಿದಾದ ಏರಿನಲ್ಲಿ ಜೀಪು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಮೇಲೆ ಅತಿಥಿಗೃಹದಲ್ಲಿ ಎಪ್ಪತ್ತೆರಡು ವರ್ಷದ ನನ್ನ ಅಕ್ಕ ಒಬ್ಬಳೇ ಇದ್ದಳು. ಸಂಜೆ ತಪ್ಪದೆ ನುಂಗಬೇಕಾದ ಅವಳ ಹೃದಯದ ಮಾತ್ರೆಗಳ ಡಬ್ಬಿಯು ನನ್ನ ಕೈಚೀಲದಲ್ಲಿಯೇ ಉಳಿದಿತ್ತು. ಫೋನು ಮಾಡೋಣವೆಂದರೆ ಸಿಗ್ನಲ್ ಇಲ್ಲ. "ಇನ್ನೊಮ್ಮೆ ತಿರುಗಿಸಪ್ಪ, ಇನ್ನೊಮ್ಮೆ" ಎಂದು ಚಾಲಕನನ್ನು ಪೀಡಿಸಿದೆನು.

"ಸುಮ್ಮನೆ ಸೆಲ್ಫ್ ಹೊಡೀತಾ ಇದ್ದರೆ ಬ್ಯಾಟರಿ ಇಳಿಯುತ್ತೆ, ಮೇಷ್ಟ್ರೇ. ಕೊನೇ ಸಲ ತಿರುಗಿಸ್ತೀನಿ, ಹಿಂದೆ ಹೊಗೆ ಬರುತ್ತಾ ನೋಡಿ."

ಹೊಗೆಯ ಸುಳಿವೂ ಇರಲಿಲ್ಲ.

"ಹಾಗಾದರೆ ಎಣ್ಣೆಯೇ ಒಳಗೆ ಹೋಗ್ತಿಲ್ಲ. ಹೋಗಿ ಉರಿಯದಿದ್ದರೆ ಬಿಳಿ ಹೊಗೆಯಾದರೂ ಬರಬೇಕಿತ್ತು."

ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಹೊಗೆಯಿಲ್ಲವೆಂದ ಮಾತ್ರಕ್ಕೆ ಬೆಂಕಿಯಿಲ್ಲವೆನ್ನಲಾಗದು, ಕಾದ ಕಬ್ಬಿಣದ ಗುಂಡೇ ಅದಕ್ಕೆ ಸಾಕ್ಷಿ ಎಂದು ಎಷ್ಟು ವರ್ಷ ಬೋಧಿಸಿದ್ದೆನೋ! ಅಲ್ಲಿಯೂ ಅದನ್ನೇ ಆಡಿಬಿಟ್ಟೆನು. (ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟ ಬೆಟ್ಟವದು, ದೃಷ್ಟಾಂತವೇನೋ ಸ್ಥಳೋಚಿತವಾಗಿಯೇ ಇತ್ತು.) ಅವನು ನಕ್ಕು, "ಬೆಂಕಿ ವಿಚಾರ ಆಮೇಲೆ" ಎಂದು ಟ್ಯಾಂಕಿನೊಳಕ್ಕೆ ಕಡ್ಡಿಯನ್ನಿಳಿಸಿದನು. ತುದಿ ಮಾತ್ರ ನೆನೆಯಿತು. ಏರಿನಲ್ಲಿ ಗಾಡಿಯು ವಾಲಿದಾಗ, ಉಳಿದಿದ್ದ ಅಲ್ಪ ಡೀಸೆಲ್ ಒಂದು ಮಗ್ಗುಲಿಗೆ ಸರಿದು, ಕೊಳವೆಯ ಬಾಯಿ ಗಾಳಿಯನ್ನು ಹೀರಿಬಿಟ್ಟಿತ್ತು.

ಕ್ಯಾನಿನಲ್ಲಿದ್ದ ಎಣ್ಣೆಯನ್ನು ಸುರಿದನು. ಅಷ್ಟರಿಂದಲೇ ಕಾರ್ಯವಾಗದೆಂಬುದು ನನಗೆ ಹೊಸ ಸಂಗತಿ. "ಏರ್ ಹಿಡಿದಿದೆ, ತೆಗೀಬೇಕು" ಎಂದನು. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಸಿಲಿಂಡರಿನಲ್ಲಿ ಅದುಮಲ್ಪಟ್ಟ ಗಾಳಿಯ ಕಾವಿಗೇ ಎಣ್ಣೆಯು ಹೊತ್ತಿಕೊಳ್ಳುವುದು. ಆ ಎಣ್ಣೆಯನ್ನು ಪಂಪು ಮಹಾ ಒತ್ತಡದಿಂದ ಒಳಕ್ಕೆ ಚಿಮ್ಮಿಸಬೇಕು. ಕೊಳವೆಯಲ್ಲಿ ಗಾಳಿ ಸೇರಿದರೆ ಒತ್ತಡವೆಲ್ಲ ಅದನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುವುದು. ಉರಿಗೆ ಮಿತ್ರನಾದ ಗಾಳಿಯೇ ಸ್ಥಾನ ತಪ್ಪಿದರೆ ಶತ್ರು!

ಜೊತೆಗಿದ್ದ ಮಹನೀಯರೊಬ್ಬರು ತಾವೂ ನೆರವಾಗಬೇಕೆಂದು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದರು. ಚಾಲಕನು ಗದರಿಯೇ ತಡೆದನು. ಬಿಸಿಯಾಗಿರುವಾಗ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುವುದಂತೆ.

ನಾನು ಬ್ಯಾಟರಿದೀಪ ಹಿಡಿದೆನು. ಅವನು ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ ಪಂಪಿನ ಕೈಸನ್ನೆಯನ್ನು ಒತ್ತತೊಡಗಿದನು. ಮೊದಲು ಬುರುಗು, ಆಮೇಲೆ ಗುಳ್ಳೆಗಳು. ಬಹಳ ಹೊತ್ತಿನ ಮೇಲೆ ಒಂದು ಗುಳ್ಳೆಯೂ ಇಲ್ಲದ ತಿಳಿಯಾದ ಎಣ್ಣೆ. ಅದು ಹರಿಯುತ್ತಿರುವಂತೆಯೇ ತಿರುಪನ್ನು ಬಿಗಿದನು. ಎಂಜಿನ್ ಒಮ್ಮೆ ಕೆಮ್ಮಿ ಗುಡುಗಿತು. ಹಿಂದಿನಿಂದ ಎದ್ದ ಹೊಗೆಗೆ, ನಾಚದೆ ಹೇಳುವೆನು, ನಾನು ಕೈಮುಗಿದೆನು.

ಅಕ್ಕ ಜಗುಲಿಯಲ್ಲಿಯೇ ಕುಳಿತಿದ್ದಳು. ಮಾತ್ರೆಯನ್ನು ನುಂಗಿ ನೀರು ಕುಡಿದ ಮೇಲೆ, "ಇಷ್ಟು ಹೊತ್ತು ಏನು ಮಾಡುತ್ತಿದ್ದೆಯೋ?" ಎಂದಳು.

"ಹೊಗೆ ಹುಡುಕುತ್ತಿದ್ದೆ, ಅಕ್ಕಾ" ಎಂದೆನು.