ಬೀಮ್ ನಿಂತ ಮೇಲೆ

ಪ್ಲಾಸ್ಮಾ ಎಂದೊಡನೆ ಎಲ್ಲರೂ ಕೇಳುವುದು ‘ಎಷ್ಟು ಡಿಗ್ರಿ?’ ಅಂತ. ಜಪಾನಿನ ತೊಕಿಯಲ್ಲಿರುವ ಲಾರ್ಜ್ ಹೆಲಿಕಲ್ ಡಿವೈಸ್ ಎಂಬ ಸಮ್ಮಿಲನ ಯಂತ್ರ 2017ರಲ್ಲಿ 12 ಕೋಟಿ ಡಿಗ್ರಿ ಮುಟ್ಟಿದಾಗಲೂ ಸುದ್ದಿಯಾದದ್ದು ಆ ಅಂಕಿಯೇ. ನನಗೆ ಅದರ ಮೇಲೆ ಅಂಥ ಮೋಹವಿಲ್ಲ. ಪರದೆಯ ಮೇಲೆ ನ್ಯೂಟ್ರಾನ್ ಎಣಿಕೆಯ ಗೆರೆ ಏರಿ, ಒಂದಷ್ಟು ಹೊತ್ತು ಮಟ್ಟಸವಾಗಿ ಹೋಗಿ, ಬೀಮ್ ನಿಂತ ಕ್ಷಣದಿಂದ ಬಾಲ ಬಿಡುತ್ತಾ ಇಳಿಯುತ್ತದಲ್ಲ, ಆ ಇಳಿಜಾರನ್ನು ನೋಡುತ್ತಾ ಕೂರುವುದು ನನ್ನ ಚಟ.

ಅದರಲ್ಲಿ ನೋಡುವಂಥದ್ದೇನಿದೆ? ಡ್ಯೂಟೀರಿಯಂ, ಅಂದರೆ ಭಾರ ಹೈಡ್ರೋಜನ್ ಪ್ಲಾಸ್ಮಾದೊಳಕ್ಕೆ ಡ್ಯೂಟೀರಿಯಂ ಕಣಗಳನ್ನೇ 180 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ವರೆಗಿನ ಶಕ್ತಿ ಕೊಟ್ಟು ನುಗ್ಗಿಸುತ್ತಿದ್ದರು; ಇದೇ ಬೀಮ್. ಒಳಹೊಕ್ಕ ಕಣ ಅಯಾನಾಗಿ, ಕಾಂತಕ್ಷೇತ್ರಕ್ಕೆ ಸಿಕ್ಕಿ ಸುತ್ತತೊಡಗುತ್ತದೆ. ಸುತ್ತುವಾಗ ಅಪರೂಪಕ್ಕೊಮ್ಮೆ ಇನ್ನೊಂದು ಡ್ಯೂಟೀರಿಯಂ ಬೀಜಕ್ಕೆ ಬೆಸೆದುಕೊಂಡರೆ, ಸುಮಾರು ಅರ್ಧಪಾಲು ಸಲ 2.45 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ನ್ಯೂಟ್ರಾನ್ ಹೊರಬೀಳುತ್ತದೆ. ಅದಕ್ಕೆ ವಿದ್ಯುದಾವೇಶವಿಲ್ಲ, ಕಾಂತದ ಹಂಗೂ ಇಲ್ಲ. ಗೋಡೆ ದಾಟಿ ಬರುತ್ತದೆ. ತೊಕಿಯ ಪ್ಲಾಸ್ಮಾದಲ್ಲಿ ನ್ಯೂಟ್ರಾನ್ ಹುಟ್ಟಿಸುತ್ತಿದ್ದದ್ದು ಬಹುಪಾಲು ಈ ವೇಗದ ಅಯಾನುಗಳೇ. ಬೀಮ್ ನಿಂತರೆ ಹೊಸಬರು ಬರುವುದಿಲ್ಲ. ಇದ್ದವರು ಎಲೆಕ್ಟ್ರಾನುಗಳಿಗೆ ತಾಗಿ ತಾಗಿ ನಿಧಾನವಾಗುತ್ತಾರೆ. ಎಲೆಕ್ಟ್ರಾನುಗಳ ಉಷ್ಣತೆ, ಸಾಂದ್ರತೆ ಗೊತ್ತಿದ್ದರೆ ಇದಕ್ಕೆ ಎಷ್ಟು ಹೊತ್ತು ಹಿಡಿಯಬೇಕೆಂದು ಕಾಗದದ ಮೇಲೇ ಲೆಕ್ಕ ಹಾಕಬಹುದು. ಗೆರೆ ಆ ಲೆಕ್ಕದಂತೆ ಇಳಿದರೆ ಅಯಾನುಗಳು ಒಳಗೇ ಇದ್ದವು. ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ನಲ್ಲಿ ನಿಲ್ಲಿಸಿ, ತೊಟ್ಟಿ ಎಷ್ಟು ಬೇಗ ಖಾಲಿಯಾಗುತ್ತದೆಂದು ನೋಡಿ ತೂತು ಪತ್ತೆ ಮಾಡುವ ಮನೆಯವರ ಬುದ್ಧಿಯೇ ಇದು.

ಎಣಿಸುವ ಕೈಕೆಲಸ ಇನ್ನೂ ಸೊಗಸು. ನ್ಯೂಟ್ರಾನಿನ ಜೊತೆ ಗಾಮಾ ಕಿರಣಗಳೂ ದಂಡಿಯಾಗಿ ಬರುತ್ತವೆ. ಬೇರ್ಪಡಿಸದಿದ್ದರೆ ಎಣಿಕೆಗೆ ಅರ್ಥವಿಲ್ಲ. ಅದಕ್ಕೆ ನನ್ನ ಮೆಚ್ಚಿನ ಸಾಧನ ಸ್ಟಿಲ್ಬೀನ್ ಹರಳು. ನ್ಯೂಟ್ರಾನ್ ಹೊಕ್ಕರೆ ಹರಳಿನೊಳಗಿನ ಪ್ರೋಟಾನನ್ನು ತಳ್ಳುತ್ತದೆ, ಗಾಮಾ ಎಲೆಕ್ಟ್ರಾನನ್ನು ತಳ್ಳುತ್ತದೆ. ಎರಡರಿಂದಲೂ ನ್ಯಾನೋಸೆಕೆಂಡುಗಳ ಮಿಂಚು. ಆಸಿಲೋಸ್ಕೋಪಿನಲ್ಲಿ ಹಾಗೇ ನೋಡಿದರೆ ಎರಡೂ ಒಂದೇ, ಥಟ್ಟನೆ ಎದ್ದು ಬೀಳುವ ಮೊನೆ. ಆದರೆ ಪ್ರೋಟಾನಿನ ಮಿಂಚು ಆರುವಾಗ ತುಸು ತಡಮಾಡುತ್ತದೆ, ಅದರ ಬಾಲ ದಪ್ಪ. ಪ್ರತಿ ಮೊನೆಯ ಬಾಲ ಇಡೀ ಮೊನೆಯಲ್ಲಿ ಎಷ್ಟು ಪಾಲು ಎಂದು ಭಾಗಿಸಿ, ಗ್ರಾಫಿನಲ್ಲಿ ಚುಕ್ಕಿ ಇಡುತ್ತಾ ಹೋಗಿ. ಮೊದಮೊದಲು ಬರೀ ಚೆಲ್ಲಾಪಿಲ್ಲಿ. ಸಾವಿರಗಟ್ಟಲೆ ಚುಕ್ಕಿ ಬಿದ್ದ ಮೇಲೆ ಎರಡು ಪಟ್ಟೆಗಳು ಮೂಡುತ್ತವೆ: ಕೆಳಗೆ ಗಾಮಾ, ಮೇಲೆ ನ್ಯೂಟ್ರಾನ್. ಕಡಿಮೆ ಶಕ್ತಿಯ ಕಡೆ ಎರಡೂ ಕಲಸಿಕೊಂಡಿರುತ್ತವೆ. ಅಲ್ಲಿ ಗಡಿ ಎಲ್ಲಿ ಎಳೆಯಬೇಕೆಂಬುದಕ್ಕೆ ಸೂತ್ರಗಳಿವೆ, ಆದರೂ ಕಣ್ಣು ಪಳಗಿರಬೇಕು. ಎಣಿಕೆ ವಿಪರೀತವಾದರೆ ಎರಡು ಗಾಮಾ ಮೊನೆಗಳು ಒಂದರ ಬೆನ್ನಿಗೊಂದು ಬಿದ್ದು, ದಪ್ಪ ಬಾಲ ತೋರಿಸಿ, ನ್ಯೂಟ್ರಾನಿನ ವೇಷ ಹಾಕಿಕೊಂಡು ಬರುತ್ತವೆ. ಇಂಥ ಕಳ್ಳರನ್ನು ಹಿಡಿಯುವುದರಲ್ಲಿ ಒಂದು ಇಡೀ ಮಧ್ಯಾಹ್ನ ಹೋದರೂ ನನಗೆ ಬೇಸರವಿಲ್ಲ.

ಯಂತ್ರದಲ್ಲಿ ನಿಜಕ್ಕೂ ಎಷ್ಟು ನ್ಯೂಟ್ರಾನ್ ಹುಟ್ಟಿದವು ಎನ್ನುವುದಕ್ಕೆ ಮಾಪಕಗಳಿಗೆ ಮೊದಲೇ ಅಳತೆ ಕಲಿಸಬೇಕು. 2016ರ ನವೆಂಬರಿನಲ್ಲಿ ತೊಕಿಯವರು ಮಾಡಿದ್ದು ನೋಡಿ: ನಿರ್ವಾತ ಪಾತ್ರೆಯೊಳಗೆ ಕಂಬಿ ಹಾಸಿ, ಆಟಿಕೆ ರೈಲಿಗೆ ತಾನಾಗಿಯೇ ನ್ಯೂಟ್ರಾನ್ ಸೂಸುವ ಕ್ಯಾಲಿಫೋರ್ನಿಯಂ-252 ತುಣುಕು ಹೇರಿ ಸುತ್ತಿಸಿದರು. ಪ್ಲಾಸ್ಮಾ ಇರಬೇಕಾದ ಜಾಗದಲ್ಲಿ ರೈಲು! ಮೊದಲ ಡ್ಯೂಟೀರಿಯಂ ಪ್ರಯೋಗ ಶುರುವಾದದ್ದು ಆಮೇಲೆ, 2017ರ ಮಾರ್ಚ್‌ನಲ್ಲಿ. ಕೋಟಿಗಟ್ಟಲೆ ಡಿಗ್ರಿಯ ಯಂತ್ರಕ್ಕಿಂತ ಈ ರೈಲಿನ ಮೇಲೇ ನನಗೆ ಅಕ್ಕರೆ ಹೆಚ್ಚು.

ಎಣಿಕೆಯನ್ನಷ್ಟೇ ನಂಬಿದರೆ ಏನಾಗುತ್ತದೆಂದು ಬ್ರಿಟನ್ನಿನ ಝೀಟಾ ಯಂತ್ರದವರನ್ನು ಕೇಳಬೇಕು. 1958ರ ಜನವರಿಯಲ್ಲಿ, ಹಾರ್ವೆಲ್‌ನಲ್ಲಿ ನ್ಯೂಟ್ರಾನ್ ಕಂಡ ಸುದ್ದಿ ಹೊರಬಿದ್ದದ್ದೇ ತಡ, ಸಮ್ಮಿಲನ ಕೈಗೆ ಸಿಕ್ಕಿತೆಂದು ಊರೆಲ್ಲ ಸಂಭ್ರಮ. ಭೌತವಿಜ್ಞಾನಿ ಬೇಸಿಲ್ ರೋಸ್ ಆ ನ್ಯೂಟ್ರಾನುಗಳ ಶಕ್ತಿಯನ್ನು ದಿಕ್ಕು ಬದಲಿಸಿ ಅಳೆದರು. ಒಂದು ಕಡೆ ಹೊರಟವಕ್ಕೆ ಶಕ್ತಿ ಹೆಚ್ಚು, ಎದುರು ಕಡೆಯವಕ್ಕೆ ಕಡಿಮೆ. ಬಿಸಿಯಿಂದ ಹುಟ್ಟಿದ್ದರೆ ಹೀಗೆ ಪಕ್ಷಪಾತ ಇರಬಾರದು. ಅಸ್ಥಿರತೆಯೊಂದು ಕೆಲವೇ ಅಯಾನುಗಳನ್ನು ಒಂದು ದಿಕ್ಕಿಗೆ ತಳ್ಳಿತ್ತು, ಅಷ್ಟೇ. ಮೇ ತಿಂಗಳಿಗೆ ಹೇಳಿಕೆ ವಾಪಸ್. ತಮಾಷೆ ಎಂದರೆ, ಅಂದು ಮಾನ ಕಳೆದ ಅಂಥ ಓಟದ ಅಯಾನುಗಳನ್ನೇ ಇಂದು ನಾವು ಬೇಕೆಂದೇ ತುಂಬಿ, ಅವುಗಳ ಯೋಗಕ್ಷೇಮ ವಿಚಾರಿಸುತ್ತಿದ್ದೇವೆ.

ಕಾರಣವಿದೆ. ನಾಳಿನ ರಿಯಾಕ್ಟರಿನಲ್ಲಿ ಡ್ಯೂಟೀರಿಯಂ-ಟ್ರಿಟಿಯಂ ಉರಿಯುವಾಗ ಹುಟ್ಟುವ 3.5 ಎಂಇವಿ ಆಲ್ಫಾ ಕಣ ಒಳಗೇ ನಿಂತು ಪ್ಲಾಸ್ಮಾವನ್ನು ಬಿಸಿಯಾಗಿಡಬೇಕು. ತೊಕಿಯಲ್ಲಿ ಅಂಥ ಉರಿ ಇರಲಿಲ್ಲ, ಆಲ್ಫಾದ ಬದಲಿ ಇತ್ತು. ಡ್ಯೂಟೀರಿಯಂ ಸಮ್ಮಿಲನದ ಇನ್ನೊಂದು ದಾರಿಯಲ್ಲಿ 1 ಎಂಇವಿ ಟ್ರೈಟಾನ್, ಅಂದರೆ ಟ್ರಿಟಿಯಂ ಬೀಜ, ಹುಟ್ಟುತ್ತದೆ. ಕಾಂತಕ್ಷೇತ್ರದಲ್ಲಿ ಅದು ಸುತ್ತುವ ವೃತ್ತ ಹೆಚ್ಚುಕಡಿಮೆ ಆಲ್ಫಾದಷ್ಟೇ. ಅದು ಸೋರದೆ ಉಳಿದು ನಿಧಾನವಾದರೆ, ನೂರಕ್ಕೆ ಒಂದಕ್ಕೂ ಕಡಿಮೆ ಪಾಲು, ಡ್ಯೂಟೀರಿಯಂ ಜೊತೆ ಬೆಸೆದು 14 ಎಂಇವಿ ನ್ಯೂಟ್ರಾನ್ ಬಿಡುತ್ತದೆ. ಇದನ್ನು ಹಿಡಿಯಲು ಸಿಲಿಕಾನ್ ಬಿಲ್ಲೆಯನ್ನು ಗಾಳಿಕೊಳವೆಯಲ್ಲಿ ಯಂತ್ರದ ಪಕ್ಕಕ್ಕೆ ಕಳಿಸುತ್ತಿದ್ದರು. 14 ಎಂಇವಿಯದು ತಾಗಿದರೆ ಸಿಲಿಕಾನ್ ಅಲ್ಯೂಮಿನಿಯಂ-28 ಆಗುತ್ತದೆ, 2.45ರದಕ್ಕೆ ಆ ತಾಕತ್ತಿಲ್ಲ. ಅಲ್ಯೂಮಿನಿಯಂ-28ರ ಅರ್ಧಾಯು ಎರಡೂಕಾಲು ನಿಮಿಷ. ಪ್ಲಾಸ್ಮಾದ ಒಂದು ಸರದಿ ಮುಗಿದದ್ದೇ ಬಿಲ್ಲೆ ವಾಪಸ್ ಬರಬೇಕು, ಜರ್ಮೇನಿಯಂ ಮಾಪಕದ ಮೇಲೆ ಕೂರಬೇಕು. ಆಗ ಗಾಮಾ ಎಣಿಕೆಯ ಗೆರೆಯಲ್ಲಿ 1.78 ಎಂಇವಿ ಹತ್ತಿರ ಒಂದು ಪುಟ್ಟ ದಿಬ್ಬ ಏಳುತ್ತದೆ. ಪ್ಲಾಸ್ಮಾದ ನಡುಗೆರೆಯಾದ ಕಾಂತ ಅಕ್ಷವನ್ನು ಒಳಕ್ಕೆ, ಯಂತ್ರದ ಕೇಂದ್ರದಿಂದ 3.6 ಮೀಟರಿಗೆ ಸರಿಸಿದಾಗ ಟ್ರೈಟಾನುಗಳಲ್ಲಿ ಉರಿಯುವ ಪಾಲು ಹೆಚ್ಚುತ್ತಿತ್ತು, ಹೊರಕ್ಕೆ ಸರಿಸಿದರೆ ಇಳಿಯುತ್ತಿತ್ತು. ಅಯಾನುಗಳ ಕಕ್ಷೆ ಲೆಕ್ಕ ಹಾಕುವ ಸಿದ್ಧಾಂತಿಗಳು ಇದರಲ್ಲಿ ಆಶ್ಚರ್ಯವೇನಿದೆ ಎನ್ನುತ್ತಾರೆ. ಇಲ್ಲದಿರಬಹುದು. ನಾನಂತೂ ಆ ದಿಬ್ಬದ ಎಣಿಕೆ ಮುಗಿಯುವವರೆಗೆ ಚಹಾಕ್ಕೆ ಏಳುವವನಲ್ಲ.