ವಿಜಯಪುರದಲ್ಲಿ ಐದೂವರೆ ಗಂಟೆ

ಕೆಂಗೇರಿ ಉಪನಗರದ ನಮ್ಮ ಬೀದಿಯ ಐದು ಮನೆಗಳವರು ಸೇರಿ ಕೂಡಲಸಂಗಮಕ್ಕೆ ಹೋಗಿಬರಬೇಕೆಂಬುದು ಬಹುದಿನಗಳ ಸಂಕಲ್ಪವಾಗಿತ್ತು. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಅದು ಕೈಗೂಡಿತು. ಮಕ್ಕಳು, ವೃದ್ಧರು ಸೇರಿ ಇಪ್ಪತ್ತೆರಡು ಜನ. ಒಂದು ಚಿಕ್ಕ ಬಸ್ಸು. ಚಿತ್ರದುರ್ಗ, ಹೊಸಪೇಟೆ, ಇಳಕಲ್ ಮಾರ್ಗವಾಗಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಮೊದಲು ವಿಜಯಪುರ ತಲುಪುವುದು, ಅಲ್ಲಿ ಸ್ನಾನ, ಪೂಜೆ, ಪ್ರಸಾದ ಮುಗಿಸಿ ಊರು ನೋಡುವುದು, ಮಧ್ಯಾಹ್ನ ಎರಡಕ್ಕೆ ಹೊರಟು ಬಸವನಬಾಗೇವಾಡಿಯ ಮೇಲೆ ಸಂಜೆಯ ಹೊತ್ತಿಗೆ ಸಂಗಮ ಸೇರುವುದು ಎಂದು ಏರ್ಪಾಡಾಗಿತ್ತು. ವಿಜಯಪುರದಲ್ಲಿ ನಮಗೆ ದೊರೆಯುತ್ತಿದ್ದ ಕಾಲ ಬೆಳಿಗ್ಗೆ ಎಂಟೂವರೆಯಿಂದ ಎರಡರವರೆಗೆ, ಅಂದರೆ ಐದೂವರೆ ಗಂಟೆ.

ಹೊರಡುವ ಎರಡು ದಿನ ಮೊದಲು ಬಸ್ಸಿನ ಏರ್ಪಾಡು ಮಾಡಿದ್ದವರು ಒಂದು ಹೊಸ ಮಾತು ತೆಗೆದರು. ತಲೆಗೆ ಮುನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟರೆ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳನ್ನು ತೋರಿಸಿಕೊಂಡು ಬರುವುದಾಗಿ ಹೇಳಿ, ಅದಕ್ಕೆ ‘ವೈನ್ ನಾಡಿನ ದರ್ಶನ’ ಎಂದು ಹೆಸರನ್ನೂ ಇಟ್ಟಿದ್ದರು. ಆ ಹೆಸರೇ ಕೆಲಸ ಕೆಡಿಸಿತು. ಮೂಲೆಮನೆಯ ಅಜ್ಜಿ, “ಸಂಗಮನಾಥನ ದರ್ಶನಕ್ಕೆ ಹೊರಟವರಿಗೆ ದಾರಿಯಲ್ಲಿ ಹೆಂಡದ ಮನೆ ಯಾಕಪ್ಪಾ?” ಎಂದು ನೇರವಾಗಿಯೇ ಕೇಳಿಬಿಟ್ಟರು. ಮಕ್ಕಳ ತಕರಾರು ಬೇರೆ. ಗೋಲಗುಂಬಜದ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಪ್ರತಿಧ್ವನಿ ಎಣಿಸಬೇಕೆಂದು ಅವರು ವಾರದಿಂದ ಕಾದಿದ್ದರು. ತಿಕೋಟಾಕ್ಕೆ ಹೋಗಿಬಂದರೆ ಅದಕ್ಕೆ ಹೊತ್ತು ಉಳಿಯುವಂತಿರಲಿಲ್ಲ.

ಇಲ್ಲಿ ಎದುರುಮನೆಯ ಅಕ್ಕನವರ ಅನುಭವವನ್ನು ಹೇಳಬೇಕು. ಅವರು ಮಗಳು ಅಳಿಯನೊಡನೆ ಹಡಗಿನ ಪ್ರವಾಸ ಮಾಡಿ ಬಂದವರು. ಹಡಗು ಇಟಲಿಯ ಲಿವೋರ್ನೋ ಬಂದರಿನಲ್ಲಿ ಒಂದು ಹಗಲು ನಿಂತಿತಂತೆ. ಅಲ್ಲಿಂದ ಫ್ಲಾರೆನ್ಸ್ ನಗರಕ್ಕೆ ಸುಮಾರು ೯೦ ಕಿ.ಮೀ.; ದ್ರಾಕ್ಷಾರಸಕ್ಕೆ ಹೆಸರಾದ ಕಿಯಾಂಟಿಯ ಗುಡ್ಡಗಳೂ ಆ ಸೀಮೆಯಲ್ಲೇ. ಎರಡಕ್ಕೂ ಹೊತ್ತು ಸಾಲದು; ಸ್ವಂತವಾಗಿ ಹೋಗಿ ತಡಮಾಡಿದವರಿಗಾಗಿ ಹಡಗು ಕಾಯುವುದೂ ಇಲ್ಲ. ಮಕ್ಕಳು ಕಿಯಾಂಟಿಗೆ ಹೊರಟಾಗ ಇವರು, ‘ಕುಡಿಯದ ನಮಗೆ ಅಲ್ಲೇನು ಕೆಲಸ’ ಎಂದು ಹಡಗಿನಲ್ಲಿಯೇ ಉಳಿದರು. ಸಂಜೆ ಮಗಳು ತೋರಿಸಿದ ಚಿತ್ರಗಳಲ್ಲಿ ಇದ್ದದ್ದು ಬಳ್ಳಿ, ಕಲ್ಲಿನ ಗೋಡೆ, ಬುಟ್ಟಿ ಹೊತ್ತ ಹೆಂಗಸರು. “ಒಂದು ತೊಟ್ಟೂ ಕುಡಿಯದೆ ಅದನ್ನೆಲ್ಲ ನೋಡಬಹುದಿತ್ತು, ಹೆಸರಿಗೆ ಹೆದರಿ ಕೂತೆ” ಎಂದು ಅಕ್ಕನವರು ಈಗಲೂ ನೊಂದುಕೊಳ್ಳುತ್ತಾರೆ.

ಆದರೆ ನಮ್ಮ ಮನೆಯ ಮಟ್ಟಿಗೆ ಪ್ರಶ್ನೆ ಹೆಂಡದ್ದೂ ಅಲ್ಲ, ಗುಂಬಜದ್ದೂ ಅಲ್ಲ. ನಮ್ಮ ಕಾಕಾ ಅವರದು.

ನಮ್ಮ ಹಿರಿಯರು ತಿಕೋಟಾ ಸೀಮೆಯವರು. ತಂದೆಯವರು ನೌಕರಿಯ ನಿಮಿತ್ತ ಬೆಂಗಳೂರು ಸೇರಿದರು. ಕಾಕಾ ಊರಲ್ಲಿಯೇ ಉಳಿದು ೧೯೯೦ರ ಸುಮಾರಿಗೆ ಎರಡೂವರೆ ಎಕರೆ ದ್ರಾಕ್ಷಿ ಹಚ್ಚಿದರು. ಅಲ್ಲಿಯವರು ದ್ರಾಕ್ಷಿ ತೋಟಕ್ಕೆ ‘ಪಡ’ ಎನ್ನುತ್ತಾರೆ. ಹತ್ತು ವರ್ಷ ಆ ಪಡ ಎರಡು ಸಂಸಾರಗಳನ್ನು ಸಾಕಿತು. ನಮ್ಮ ಶಾಲೆಯ ಶುಲ್ಕ ಎಷ್ಟೋ ಸಲ ಅಲ್ಲಿಂದಲೇ ಬಂದದ್ದುಂಟು. ೨೦೦೧ರಿಂದ ಸಾಲಾಗಿ ಬರಗಾಲ ಬಿತ್ತು. ಬಾವಿ ಬತ್ತಿತು, ಕೊಳವೆಬಾವಿಗಳೂ ಕೈಕೊಟ್ಟವು, ಒಂದು ಬೇಸಗೆ ಪೂರ್ತಿ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿಯ ಬುಡಕ್ಕೆ ಹಾಕಿದರು. ೨೦೦೪ರಲ್ಲಿ ತಮ್ಮ ಕೈಯಾರೆ ಬಳ್ಳಿ ಕಡಿದು, ಹೊಲ ಮಾರಿ, ಸಾಲ ತೀರಿಸಿ, ಒಂದು ಟ್ರಂಕಿನೊಡನೆ ನಮ್ಮಲ್ಲಿಗೆ ಬಂದರು. ಅಂದಿನಿಂದ ಕೆಂಗೇರಿಯ ಮನೆಯ ಮುಂದಿನ ಬಿಲ್ವದ ಗಿಡವೇ ಅವರ ಹೊಲ. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಆ ಕಡೆ ಹೋಗಲಿಲ್ಲ. ಮನೆಗೆ ದ್ರಾಕ್ಷಿ ತಂದರೆ ಬೇಡ ಎನ್ನುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ. ಕ್ರಮೇಣ ನಾವೇ ತರುವುದನ್ನು ಬಿಟ್ಟೆವು.

ಬಸ್ಸಿನವರ ಮಾತು ಕೇಳಿದಾಗ ಕಾಕಾ, “ನೀವು ಹೋಗಿ ಬರ್ರಿ, ನಾ ಆಶ್ರಮದಾಗ ಕುಂದರತೀನಿ” ಎಂದಷ್ಟೇ ಹೇಳಿದರು. ಅವರನ್ನು ಕರೆದೊಯ್ದರೆ ಮಾಗಿದ ಗಾಯ ಕೆದಕಿದಂತಾದೀತೆ, ಬಿಟ್ಟು ಹೋದರೆ ಇನ್ನೊಮ್ಮೆ ಇಂಥ ಸಂದರ್ಭ ಒದಗೀತೆ ಎಂದು ನಾವು ರಾತ್ರಿಯ ಪ್ರಯಾಣದುದ್ದಕ್ಕೂ ಯೋಚಿಸಿದೆವು. ಅವರಿಗೆ ಎಪ್ಪತ್ತೆಂಟು ದಾಟಿದೆ.

ಬೆಳಿಗ್ಗೆ ವಿಜಯಪುರದ ವಸತಿಗೃಹದಲ್ಲಿ ಲಿಂಗಪೂಜೆ ಮುಗಿಸಿ ಉಪ್ಪಿಟ್ಟು ತಿನ್ನುವಾಗ ಐದು ಮನೆಗಳ ಸಭೆ ಸೇರಿತು. ಅಜ್ಜಿಯ ಅನುಮಾನವನ್ನು ಮೊದಲು ತೀರಿಸಬೇಕಿತ್ತು. ವಸ್ತುಸ್ಥಿತಿ ಏನೆಂದರೆ, ವಿಜಯಪುರ ಜಿಲ್ಲೆ ನಮ್ಮ ನಾಡಿನ ದ್ರಾಕ್ಷಿಯ ಕಣಜವಾದರೂ ಅಲ್ಲಿಯ ಹಣ್ಣು ಬಹುಪಾಲು ಹೋಗುವುದು ತಿನ್ನುವುದಕ್ಕೆ ಮತ್ತು ಒಣದ್ರಾಕ್ಷಿಗೆ. ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್ ಎಂಬ ಬೀಜವಿಲ್ಲದ ತಳಿಗಳು ಅಲ್ಲಿ ಪ್ರಸಿದ್ಧ. ದ್ರಾಕ್ಷಾರಸಕ್ಕೆ ಬೇಕಾದ ಕ್ಯಾಬರ್ನೆ, ಶಿರಾಜ್ ಮುಂತಾದವು ಬೇರೆಯೇ ಜಾತಿ: ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ಅದನ್ನು ನೋಡಬೇಕಾದರೆ ಇಷ್ಟು ದೂರ ಬರಬೇಕಾದ್ದೇ ಇಲ್ಲ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ೧೯೮೮ರಲ್ಲಿಯೇ ಗ್ರೋವರ್ ಅವರ ದ್ರಾಕ್ಷಾರಸದ ತೋಟ ಆರಂಭವಾಯಿತು. ಸರ್ಕಾರ ೨೦೦೭ರಲ್ಲಿ ದ್ರಾಕ್ಷಾರಸ ಮಂಡಳಿಯನ್ನೂ ಸ್ಥಾಪಿಸಿತು. ಬಸ್ಸಿನವರು ಇಟ್ಟ ಹೆಸರು ಬರಿಯ ಆಕರ್ಷಣೆಗಾಗಿ ಎಂದು ತಿಳಿದ ಮೇಲೆ ಅಜ್ಜಿ ಸಮಾಧಾನಗೊಂಡರು. ಪಾಯಸಕ್ಕೆ ಹಾಕುವ ದ್ರಾಕ್ಷಿ ಎಲ್ಲಿ ಒಣಗುತ್ತದೆಂದು ತಾವೂ ನೋಡಿಲ್ಲವೆಂದರು. ಎದುರುಮನೆಯ ಅಕ್ಕ ಲಿವೋರ್ನೋದ ಕಥೆಯನ್ನು ಮತ್ತೊಮ್ಮೆ ಹೇಳಿದರು. ಮಕ್ಕಳ ಮತ ಸೋತಿತು. ಅವರ ಮುಖ ನೋಡಿ ನಮಗೂ ಸಂಕಟವಾಯಿತೆಂಬುದು ನಿಜ.

ಕಾಕಾ ಅವರನ್ನು ಯಾರೂ ಒತ್ತಾಯಿಸಲಿಲ್ಲ. ಬಸ್ಸು ಹೊರಡುವಾಗ ಅವರೇ ಬಂದು ಮುಂದಿನ ಆಸನದಲ್ಲಿ ಕುಳಿತರು.

ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ತಿಕೋಟಾ ಸುಮಾರು ೨೦ ಕಿ.ಮೀ. ಬೋಳು ಬಯಲು, ಅಲ್ಲಲ್ಲಿ ಬೇವು, ಜಾಲಿ. ಇಂಥಲ್ಲಿ ದ್ರಾಕ್ಷಿ ಬೆಳೆಯುವುದೆಂದರೆ ನಂಬಿಕೆಯಾಗುವುದಿಲ್ಲ. ಆದರೆ ಈ ಒಣಹವೆಯೇ ಅದಕ್ಕೆ ಬೇಕಾದದ್ದು. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆ. ಹಣ್ಣು ಮಾಗುವ ಮಾಘ ಫಾಲ್ಗುಣಗಳಲ್ಲಿ ಬಿಸಿಲು ನಿಚ್ಚಳ. ತಿರುವೊಂದು ಕಳೆದದ್ದೇ ಹಸಿರು ಹಂದರಗಳು ಆರಂಭವಾದವು. ತಲೆಯೆತ್ತರದಲ್ಲಿ ತಂತಿಯ ಮೇಲೆ ಹಬ್ಬಿದ ಬಳ್ಳಿ, ಅದರಡಿಯಲ್ಲಿ ಜೋತುಬಿದ್ದ ಗೊಂಚಲುಗಳು. ಒಳಗೆ ಹೋದರೆ ಹೊರಗಿನ ಬಿಸಿಲು ಮರೆತೇ ಹೋಗುತ್ತದೆ.

ಬಸ್ಸಿನವರು ಗೊತ್ತು ಮಾಡಿದ್ದ ತೋಟದ ಯಜಮಾನರು ಬಹಳ ಸಮಾಧಾನದಿಂದ ಎಲ್ಲವನ್ನೂ ವಿವರಿಸಿದರು. ಬಳ್ಳಿಗೆ ವರ್ಷಕ್ಕೆ ಎರಡು ಚಾಟಣಿ. ಏಪ್ರಿಲ್ ಸುಮಾರಿಗೆ ಒಮ್ಮೆ ಸವರಿದರೆ ಹೊಸ ಕಡ್ಡಿ ಬಲಿಯುತ್ತದೆ. ಅಕ್ಟೋಬರ್ ಹೊತ್ತಿಗೆ ಮತ್ತೊಮ್ಮೆ ಸವರಿದರೆ ಆ ಕಡ್ಡಿಯಲ್ಲಿ ಹೂ ಕಾಯಿ ಹಿಡಿಯುತ್ತವೆ. ಅಲ್ಲಿಂದ ನಾಲ್ಕು ತಿಂಗಳು ಮನೆಯವರಿಗೆ ನಿದ್ದೆಯಿಲ್ಲ. ಮೋಡ ಮುಚ್ಚಿದರೆ ಬೂಜುರೋಗ, ಆಲಿಕಲ್ಲು ಬಿದ್ದರೆ ಸರ್ವನಾಶ.

ಒಣದ್ರಾಕ್ಷಿಯ ಶೆಡ್ಡಿನಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು. ಮೇಲೆ ಮಾಡು, ಸುತ್ತ ಗಾಳಿಯಾಡುವ ಪರದೆ, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ನೈಲಾನ್ ಬಲೆ. ಕೊಯ್ದ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರಡುತ್ತಾರೆ. ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲವಾಗಿ ನೀರು ಬೇಗ ಆರಲಿ ಎಂಬುದು ಉಪಾಯ. ಹಾಗೆ ಎರಡು ವಾರ, ಕೆಲವೊಮ್ಮೆ ಇನ್ನೂ ನಾಲ್ಕು ದಿನ. ನೆರಳಲ್ಲಿಯೇ ಒಣಗಿಸುವುದರಿಂದ ಬಣ್ಣ ಕಪ್ಪಾಗುವುದಿಲ್ಲ. ಹೊಂಬಣ್ಣ ಬೇಕೆಂದವರು ಗಂಧಕದ ಹೊಗೆಯನ್ನೂ ಕೊಡುವುದುಂಟು. ಸರಿಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಆರಿ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ ಎಂದಾಗ ಅಜ್ಜಿ, “ಅದಕ್ಕೇ ಅಂಗಡಿಯವನು ಅಷ್ಟು ಹೇಳ್ತಾನೆ, ನಾನು ಸುಮ್ಮನೆ ಜಗಳ ಆಡ್ತಿದ್ದೆ” ಎಂದು ನಕ್ಕರು. ಶೆಡ್ಡಿನ ಹೆಣ್ಣುಮಕ್ಕಳು ಕಡ್ಡಿ ಬೇರ್ಪಡಿಸುತ್ತಾ ಕುಳಿತಿದ್ದರು. ಅವರ ಕೈಯ ವೇಗವನ್ನು ನಮ್ಮ ಮಕ್ಕಳು ಗೋಲಗುಂಬಜವನ್ನು ಮರೆತು ನೋಡಿದರು ಎಂದು ಬರೆಯುವ ಆಸೆ. ಆದರೆ ಅವರಲ್ಲಿ ಇಬ್ಬರು ಬಸ್ಸಿನಿಂದ ಇಳಿದೇ ಇರಲಿಲ್ಲ.

ಗಂಟೆ ಹನ್ನೊಂದೂಕಾಲಾಯಿತು. ಆಗ ಕಾಕಾ ಚಾಲಕರ ಬಳಿ ಹೋಗಿ, “ತಮ್ಮಾ, ಇನ್ನ ಎರಡು ಮೈಲಿ ಮುಂದ ಹೋಗೋಣೇನು?” ಎಂದು ಕೇಳಿದರು. ಯಾರೂ ಬೇಡವೆನ್ನಲಿಲ್ಲ. ಕಾಲುದಾರಿಯಲ್ಲಿ ಅವರು ಮುಂದೆ, ನಾವು ಹಿಂದೆ. ತಮ್ಮ ಹೊಲದ ಬದುವಿಗೆ ಬಂದು ನಿಂತುಬಿಟ್ಟರು. ಎರಡೂವರೆ ಎಕರೆಯೂ ಹಂದರ ಕಟ್ಟಿ ಹಸಿರಾಗಿತ್ತು. ಮೂಲೆಯಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ, ಅದರ ತುಂಬ ನೀರು.

ಹೊಲ ಕೊಂಡವರ ಮಗ, ಮೂವತ್ತೈದರ ಯುವಕ, ಗುರುತು ಹಿಡಿದು ಓಡಿ ಬಂದು ಕಾಲಿಗೆ ನಮಸ್ಕರಿಸಿದರು. ಚಹಾ ಬಂತು. ಕಾಕಾ ಕೇಳಿದ ಮೊದಲ ಪ್ರಶ್ನೆ ನೀರಿನದು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಎತ್ತರದ ಸೀಮೆಗೆ ಬಂದ ಮೇಲೆ ಬಾವಿಗಳಿಗೆ ಜೀವ ಬಂದಿದೆಯೆಂದು ಯುವಕ ಹೇಳಿದರು. ಕಾಕಾ ಹೊಂಡವನ್ನೇ ನೋಡುತ್ತಾ, “ಹಂಗಾದ್ರ ನಾ ಅವಸರ ಮಾಡಿದೆ” ಎಂದರು. ಇಪ್ಪತ್ತು ವರ್ಷಗಳಲ್ಲಿ ಅವರು ಮಾರಾಟದ ವಿಷಯವಾಗಿ ಆಡಿದ ಮೊದಲ ಮಾತು ಅದೇ ಎಂದು ನಮಗನಿಸಿತು. ನಾವು ಹೆದರಿದ್ದೂ ಅದಕ್ಕೇ.

ಯುವಕ ತಲೆ ಅಲ್ಲಾಡಿಸಿದರು. “ಇಲ್ರೀ ಕಾಕಾ. ನೀವು ಹೋದ ಮ್ಯಾಲೆ ಹತ್ತು ಹನ್ನೆರಡು ವರ್ಷ ಇಲ್ಲಿ ಬರೇ ಜ್ವಾಳಾರೀ, ಅದೂ ಮಳಿ ಬಂದ್ರ. ನಮ್ಮಪ್ಪ ಮತ್ತ ಪಡ ಹಚ್ಚಾಕ ಧೈರ್ಯ ಮಾಡಲಿಲ್ಲ. ನೀವು ಇದ್ದಿದ್ರ ಸಾಲದಾಗ ಮುಳಗತಿದ್ರಿ.” ಅಷ್ಟಕ್ಕೇ ನಿಲ್ಲಿಸದೆ, ೨೦೨೩ರ ಬರದಲ್ಲಿ ತಾವೂ ಟ್ಯಾಂಕರ್ ತರಿಸಿದ್ದನ್ನೂ, ಬ್ಯಾಂಕಿನ ಬಾಕಿ ಇನ್ನೂ ಇರುವುದನ್ನೂ ಮುಚ್ಚಿಡದೆ ಹೇಳಿದರು.

ಕಾಕಾ ಎದ್ದು ಹಂದರದೊಳಗೆ ಹೋದರು. ಒಂದು ಬುಡವನ್ನು ಕೈಯಿಂದ ಸವರಿ, “ಡಾಗ್‌ರಿಜ್ ಮ್ಯಾಲೆ ಕಸಿ ಏನು?” ಎಂದು ಕೇಳಿದರು. ಬರವನ್ನೂ ಉಪ್ಪುನೀರನ್ನೂ ತಡೆಯುವ ಕಾಡುದ್ರಾಕ್ಷಿಯ ಬೇರು ಅದು. ಅದರ ಮೇಲೆ ಬೇಕಾದ ತಳಿಯನ್ನು ಕಸಿ ಕಟ್ಟುತ್ತಾರೆ. ಕಾಕಾ ಅವರ ಕಾಲದ ಬಳ್ಳಿಗಳು ಸ್ವಂತ ಬೇರಿನವು. “ನಮ್ಮವು ಅದಕ್ಕ ತಡಕೊಳ್ಳಲಿಲ್ಲ” ಎಂದು ತಮಗೆ ತಾವೇ ಹೇಳಿಕೊಂಡರು. ಮುಂದೆ ಹದಿನೈದು ನಿಮಿಷ ಅವರಿಬ್ಬರೂ ಚಾಟಣಿ, ಔಷಧಿ, ದರ ಎಂದು ಮಾತಿಗಿಳಿದರು; ನಮಗೆ ಅದರಲ್ಲಿ ಅರ್ಧ ತಿಳಿಯಲಿಲ್ಲ. ಹೊರಡುವಾಗ ಯುವಕ ತೊಳೆದ ಒಂದು ಗೊಂಚಲು ಕೊಟ್ಟರು. ಕಾಕಾ ನಾಲ್ಕು ಹಣ್ಣು ಬಿಡಿಸಿ ಬಾಯಿಗೆ ಹಾಕಿಕೊಂಡು, “ಸಿಹಿ ಐತಿ. ಇನ್ನ ಎರಡು ದಿನ ಬಿಡು, ಆಮ್ಯಾಲೆ ಕೊಯ್ಯಿ” ಎಂದರು.

ವಿಜಯಪುರಕ್ಕೆ ಹಿಂದಿರುಗಿದಾಗ ಒಂದು ಗಂಟೆ. ಜ್ಞಾನಯೋಗಾಶ್ರಮದಲ್ಲಿ ಅರ್ಧ ಗಂಟೆ ಕುಳಿತೆವು. ೨೦೨೩ರ ಜನವರಿ ೨ರಂದು ಬಯಲಾದ ಸಿದ್ಧೇಶ್ವರ ಸ್ವಾಮಿಗಳು ಹುಟ್ಟಿದ ಬಿಜ್ಜರಗಿ ಇದೇ ದ್ರಾಕ್ಷಿಯ ಸೀಮೆಯ ಊರೆಂದು ಅಂದೇ ನಮ್ಮಲ್ಲಿ ಕೆಲವರಿಗೆ ತಿಳಿದದ್ದು. ಗೋಲಗುಂಬಜವನ್ನು ಬಸ್ಸಿನ ಕಿಟಕಿಯಿಂದ ತೋರಿಸಿದೆವು. ೧೬೫೬ರಲ್ಲಿ ಮುಗಿದ ಕಟ್ಟಡ, ಹೊರಗಿನ ಅಡ್ಡಳತೆ ೪೪ ಮೀಟರು ಎಂದು ಹೇಳಿದ್ದಕ್ಕೆ ಮಕ್ಕಳು ಉತ್ತರ ಕೊಡಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ಇಬ್ರಾಹಿಂ ರೋಜಾದ ಸುದ್ದಿಯನ್ನೇ ನಾವು ತೆಗೆಯಲಿಲ್ಲ.

ಸಂಗಮಕ್ಕೆ ಹೋಗುವ ನಮ್ಮ ಬಂಧುಗಳು ಈ ತೋಟಗಳಿಗೆ ಹೋಗುವುದು ತಕ್ಕದ್ದೇ ಎಂದು ಕೇಳಿದರೆ, ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಾದರೆ ಅವಶ್ಯ ಹೋಗಬೇಕೆಂದು ಹೇಳುತ್ತೇವೆ. ಬಸವ ಜಯಂತಿಯ ರಜೆಗೆ ಹೋದವರಿಗೆ ಸವರಿದ ಕಡ್ಡಿಗಳಷ್ಟೇ ಕಂಡಾವು. ಅರ್ಧ ದಿನದಲ್ಲಿ ಗುಂಬಜವನ್ನೂ ತೋಟವನ್ನೂ ಸೇರಿಸಲು ಹೋಗಬಾರದು, ಅದು ನಮ್ಮ ತಪ್ಪು. ರೈತರ ಅಪ್ಪಣೆಯಿಲ್ಲದೆ ಹಣ್ಣಿಗೆ ಕೈ ಹಾಕಬಾರದು. ಔಷಧಿ ಹೊಡೆದ ಹಣ್ಣನ್ನು ತೊಳೆಯದೆ ತಿನ್ನಲೂಬಾರದು. ಮುನ್ನೂರು ರೂಪಾಯಿ ಹೆಚ್ಚೆನಿಸಿದರೂ ಅಷ್ಟೇ ಹಣಕ್ಕೆ ಒಣದ್ರಾಕ್ಷಿಯನ್ನು ಶೆಡ್ಡಿನಲ್ಲಿಯೇ ಕೊಂಡರೆ ರೈತರಿಗೂ ಅನುಕೂಲ.

ಸಂಜೆ ಸಂಗಮದಲ್ಲಿ, ಆಲಮಟ್ಟಿಯ ಹಿನ್ನೀರಿನ ನಡುವೆ ಇರುವ ಐಕ್ಯಮಂಟಪದ ಮೆಟ್ಟಿಲಿಳಿದು ದರ್ಶನ ಮಾಡಿ ಬಂದ ಮೇಲೆ, ಕಾಕಾ ಬಹಳ ಹೊತ್ತು ಕೃಷ್ಣೆಯ ಕಡೆ ಮುಖಮಾಡಿ ಕುಳಿತಿದ್ದರು. ಊಟಕ್ಕೆ ಕರೆಯಲು ಹೋದ ನಮ್ಮನ್ನು ನೋಡಿ, ತುಬಚಿ ಇಲ್ಲಿಂದ ಎಷ್ಟು ದೂರ ಎಂದು ಕೇಳಿದರು.

ಈಗ ಮಕ್ಕಳ ಒತ್ತಾಯಕ್ಕೆ ಬರುವ ಫೆಬ್ರವರಿಯಲ್ಲಿ ಮತ್ತೆ ವಿಜಯಪುರಕ್ಕೆ ಹೊರಡುವ ಮಾತಾಗಿದೆ. ಈ ಸಲ ಅಲ್ಲಿ ಎರಡು ರಾತ್ರಿ ತಂಗುವುದು, ಮೊದಲ ದಿನ ಪೂರ್ತಿ ಗೋಲಗುಂಬಜಕ್ಕೆ ಮೀಸಲು. ಹೆಸರು ಬರೆದುಕೊಳ್ಳಲು ಮನೆಮನೆಗೆ ಬಂದವರ ಪಟ್ಟಿಯಲ್ಲಿ ಕಾಕಾ ಎರಡನೆಯ ದಿನಕ್ಕೆ ಮಾತ್ರ ತಮ್ಮ ಹೆಸರು ಬರೆಸಿದ್ದಾರೆ. ಗುಂಬಜವನ್ನು ತಾವು ಶಾಲೆಯಲ್ಲಿದ್ದಾಗಲೇ ನೋಡಿದ್ದಾಗಿದೆಯಂತೆ.