ತಂತಿಗೂ ಕಲಾಯಿ

ಮಳೆಗಾಲದಲ್ಲಿ ನಮ್ಮ ಹಿಂಡಲಗಾದ ಗೋಡೆಗಳೂ ಬೆವರುತ್ತವೆ. ಖಾನಾಪುರದ ಕಾಡಿನ ಕಡೆಯಿಂದ ಬರುವ ಮಳೆ ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಬೋರಿನ ಸ್ಟಾರ್ಟರ್ ಡಬ್ಬಿ ತೆಗೆದು ನೋಡಿ: ತಾಮ್ರದ ಎಳೆಗಳು ಕಪ್ಪಾಗಿ, ತಿರುಪಿನ ಸುತ್ತ ಹಸಿರು ಕಿಲುಬು ಕೂತಿರುತ್ತದೆ. ಅದಕ್ಕೇ ಕೆಲವರು ತವರ ಲೇಪಿಸಿದ ತಂತಿ ತರುತ್ತಾರೆ. ಅದರ ಬಿಳುಪು ಕಂಡು ಮನೆಯವರಿಗೆ ಅನುಮಾನ: ಇದರಲ್ಲಿ ಕರೆಂಟು ಸರಿಯಾಗಿ ಹರಿದೀತೇ?

ಇದು ಅಜ್ಜಿ ಕಾಲದ ಕಲಾಯಿಯೇ ಅಲ್ಲವೇ! ಹಂಡೆ ಕಾಯಿಸಿ, ನವಸಾಗರ ಎರಚಿ, ಬಿಳಿ ಹೊಗೆ ಏಳುತ್ತಿದ್ದಂತೆ ತವರ ಮುಟ್ಟಿಸಿ ಅರಳೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹೊಳಪು. ತಂತಿಗೆ ಈ ಯೋಗ ಬಂದದ್ದು ರಬ್ಬರಿನ ಹೊದಿಕೆಯಿಂದ. ರಬ್ಬರಿನಲ್ಲಿದ್ದ ಗಂಧಕ ತಾಮ್ರವನ್ನು ತಿನ್ನುತ್ತಿತ್ತು, ತವರ ಅಡ್ಡ ನಿಂತಿತು. ಬೆಸುಗೆಯೂ ಸಲೀಸಾಯಿತು.

ತಾಮ್ರದ ವಾಹಕತೆಗೆ 100 ಅಂಕ ಎಂದು 1913ರಲ್ಲೇ ಅಂತರರಾಷ್ಟ್ರೀಯ ಅಳತೆ ಗೊತ್ತುಮಾಡಿದ್ದಾರೆ. ಆ ಲೆಕ್ಕಕ್ಕೆ ಬೆಳ್ಳಿಗೆ ಸುಮಾರು 105, ನಿಕ್ಕಲ್‌ಗೆ 25, ಪಾಪ ತವರಕ್ಕೆ ಬರೀ 15. ಆದರೆ ಲೇಪದ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. 2.5 ಚದರ ಮಿ.ಮೀ.ನ ಗಟ್ಟಿ ತಂತಿಗೆ ಕಿಲೋಮೀಟರಿಗೆ 7.41 ಓಮ್ ತನಕ ರೋಧ ಇರಬಹುದು ಎನ್ನುವ ನಿಯಮ, ತವರ ಬಳಿದದ್ದಕ್ಕೆ 7.56 ತನಕ ಸಡಿಲ ಕೊಡುತ್ತದೆ. ನೂರಕ್ಕೆ ಎರಡು. ಕಿಲುಬು ಹಿಡಿದ ಒಂದು ಜೋಡಣೆ ಇದಕ್ಕಿಂತ ಹೆಚ್ಚು ನುಂಗುತ್ತದೆ.

ಟಿವಿ ಕೇಬಲ್ಲಿನ ಮಾತು ಬೇರೆ. ಮನೆಯ 50 ಹರ್ಟ್ಸ್ ಕರೆಂಟು ತಂತಿಯ ಮೈಯೆಲ್ಲ ಹರಿಯುತ್ತದೆ. ಕಂಪನ ಏರಿದಂತೆ ಅದು ತೊಗಲಿಗೆ ಬರುತ್ತದೆ. ನೂರು ಕೋಟಿ ಹರ್ಟ್ಸ್‌ನಲ್ಲಿ ತಾಮ್ರದ ಮೇಲಿನ ಎರಡೇ ಮೈಕ್ರಾನ್ ಅದರ ದಾರಿ. ಅಲ್ಲಿ ತವರ ಬಳಿದರೆ ನಷ್ಟ, ಬೆಳ್ಳಿ ಬಳಿದರೆ ಲಾಭ. ಕೇಬಲ್ಲಿನ ನಡುತಂತಿ ಎಷ್ಟೋ ಸಲ ಉಕ್ಕಿನದ್ದು, ಮೇಲೆ ತಾಮ್ರದ ಪದರ ಅಷ್ಟೇ. ಅಲ್ಲಿ ಅಷ್ಟೇ ಸಾಕು.

ಮನೆಯ ವೈರಿಂಗಿಗೆ ಸಾಲದು. ಹೊರಗೆ ತಾಮ್ರ, ಒಳಗೆ ಅಲ್ಯೂಮಿನಿಯಂ ಇರುವ ತಂತಿಯೂ ಸಿಗುತ್ತದೆ. ಅದರ ರೋಧ ಅದೇ ಗಾತ್ರದ ತಾಮ್ರದ ಒಂದೂವರೆ ಪಟ್ಟು; ಭಾರ ಹಾಕಿದರೆ ಕಾಯುತ್ತದೆ. ಸುರುಳಿ ಹಗುರ, ಬೆಲೆ ಕಡಿಮೆ, ಬಣ್ಣ ಥೇಟ್ ತಾಮ್ರ. ಹಾಗಾಗಿ ಅಂಗಡಿಯಲ್ಲೇ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ಧೈರ್ಯವಾಗಿ ತನ್ನಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಅಲ್ಲೇ ಬಿಟ್ಟು ಬನ್ನಿ.